ಕೌಂಟರಿನ ಆಚೆಗಿನ ತಪ್ಪು: ಔಷಧಿ ವಿತರಣೆಯ ದೋಷವನ್ನು ಎಲ್ಲಿಯವರೆಗೆ ಎಣಿಸಬೇಕು?

1

ಔಷಧಿ ಅಂಗಡಿಗಳಲ್ಲಿ ಆಗುವ ತಪ್ಪುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದು ಅಂಕಿಯಿಂದ ಮಾತು ಶುರುಮಾಡುತ್ತಾರೆ: 98.3. ಎಲಿಜಬೆತ್ ಫ್ಲಿನ್, ಕೆನೆತ್ ಬಾರ್ಕರ್ ಮತ್ತು ಬ್ರಯನ್ ಕಾರ್ನಹನ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಫಲ ಇದು. ಅಮೆರಿಕದ ಆರು ನಗರಗಳ 50 ಔಷಧಿ ಅಂಗಡಿಗಳಲ್ಲಿ ಅವರು 4,481 ಚೀಟಿಗಳ ವಿತರಣೆಯನ್ನು ನೋಡಿದರು. 77ರಲ್ಲಿ ತಪ್ಪು ಸಿಕ್ಕಿತು. ನೂರಕ್ಕೆ 98.3 ಸರಿ. ಕೇಳುವುದಕ್ಕೆ ಸಮಾಧಾನವಾಗುವ ಈ ಅಂಕಿಯನ್ನು ಅವರೇ ಇಡೀ ದೇಶಕ್ಕೆ ಹರಡಿ ನೋಡಿದಾಗ ವರ್ಷಕ್ಕೆ ಸುಮಾರು 5 ಕೋಟಿ 15 ಲಕ್ಷ ತಪ್ಪುಗಳ ಲೆಕ್ಕ ಬಂತು. ಆ 77ರ ಪೈಕಿ ರೋಗಿಗೆ ನಿಜವಾಗಿ ತೊಂದರೆ ತರಬಹುದಾಗಿದ್ದವು ಐದು ಎಂದೂ ಅವರು ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ.

ನನ್ನ ತಕರಾರು ಈ ಅಂಕಿಯ ಮೇಲಲ್ಲ. ಅದರ ಹಿಂದಿರುವ ವ್ಯಾಖ್ಯೆಯ ಮೇಲೂ ಪೂರ್ತಿಯಾಗಿ ಅಲ್ಲ. ಆ ವ್ಯಾಖ್ಯೆಯನ್ನು ನಾವು ಇಲ್ಲಿಗೆ ತಂದು, ಇಲ್ಲಿನ ಅಂಗಡಿಗೆ ಹೊಂದುತ್ತದೆಯೋ ಇಲ್ಲವೋ ನೋಡದೆ ಬಳಸುತ್ತಿರುವುದರ ಮೇಲೆ. ಬಾರ್ಕರ್ ಪರಂಪರೆಯಲ್ಲಿ ದೋಷವೆಂದರೆ ವೈದ್ಯರು ಬರೆದದ್ದಕ್ಕೂ ಅಂಗಡಿಯಿಂದ ಹೊರಬಿದ್ದದ್ದಕ್ಕೂ ನಡುವಿನ ವ್ಯತ್ಯಾಸ. ಅಮೆರಿಕದಲ್ಲಿ ಹೊರಬೀಳುವುದು ಒಂದು ಡಬ್ಬಿ. ಅದರ ಮೇಲೆ ರೋಗಿಯ ಹೆಸರು, ಮಾತ್ರೆಯ ಹೆಸರು, ಹೇಗೆ ತೆಗೆದುಕೊಳ್ಳಬೇಕೆಂಬ ವಾಕ್ಯ ಎಲ್ಲ ಅಚ್ಚಾಗಿರುತ್ತದೆ. ಕರ್ನಾಟಕದ ಬಹುಪಾಲು ಮೆಡಿಕಲ್ ಶಾಪುಗಳಿಂದ ಹೊರಬೀಳುವುದು ಕತ್ತರಿಸಿದ ಒಂದು ಸ್ಟ್ರಿಪ್, ಒಂದು ಕಂದು ಕವರು, ಮತ್ತು ಒಂದು ಮಾತು: 'ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ್ಮೇಲೆ.' ಕವರನ್ನೂ ಸ್ಟ್ರಿಪ್ಪನ್ನೂ ವೀಕ್ಷಕ ಪರೀಕ್ಷಿಸಬಲ್ಲ. ಮಾತು ಗಾಳಿಗೆ ಹೋಗಿರುತ್ತದೆ. ಅದೇ ಅಳತೆಗೋಲನ್ನು ಇಲ್ಲಿ ಇಟ್ಟರೆ ಒಂದು ಗೇಣು ಕಡಿಮೆ ಬೀಳುತ್ತದೆ ಎಂಬುದು ಈ ಲೇಖನದ ವಾದ.

2

ಒಪ್ಪಿತವಾದ ಸಂಗತಿಗಳನ್ನು ಬೇಗ ದಾಟಿಬಿಡೋಣ. ಔಷಧಿಯ ತಪ್ಪನ್ನು ವ್ಯಕ್ತಿಯ ಅಜಾಗರೂಕತೆ ಎಂದು ನೋಡುವ ಕಾಲ ಮುಗಿದಿದೆ. ಕೊನೆಯ ಪಕ್ಷ ಪುಸ್ತಕಗಳಲ್ಲಿ ಮುಗಿದಿದೆ. ಜೇಮ್ಸ್ ರೀಸನ್ ಅವರ 1990ರ ಗ್ರಂಥ, ಲೂಸಿಯನ್ ಲೀಪ್ ಅವರ 1994ರ ಲೇಖನ, 1999ರ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿ ಇವೆಲ್ಲ ವ್ಯವಸ್ಥೆಯ ಬಿರುಕುಗಳ ಕಡೆಗೆ ಬೆರಳು ಮಾಡಿದವು. ವಿಶ್ವ ಆರೋಗ್ಯ ಸಂಸ್ಥೆ 2017ರ ಮಾರ್ಚ್‌ನಲ್ಲಿ ತನ್ನ ಮೂರನೆಯ ಜಾಗತಿಕ ರೋಗಿ ಸುರಕ್ಷತಾ ಸವಾಲನ್ನು ಔಷಧಿಯ ಹಾನಿಗೇ ಮೀಸಲಿಟ್ಟು, ತಡೆಯಬಹುದಾದ ಗಂಭೀರ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕೆ ಇಳಿಸುವ ಗುರಿ ಇಟ್ಟಿತು.

ಹೆಸರುಗಳ ಗೊಂದಲದ ಬಗ್ಗೆಯೂ ಭಿನ್ನಾಭಿಪ್ರಾಯವಿಲ್ಲ. ಕಾರ್ಬಮಜೆಪಿನ್ ಮೂರ್ಛೆರೋಗದ ಮಾತ್ರೆ, ಕಾರ್ಬಿಮಜೋಲ್ ಥೈರಾಯ್ಡಿನದು. ಅವಸರದ ಕೈಬರಹದಲ್ಲಿ ಎರಡೂ ಒಂದೇ. ಲೋಸೆಕ್ ಎಂಬ ಹೊಟ್ಟೆಯ ಮಾತ್ರೆ ಲ್ಯಾಸಿಕ್ಸ್ ಎಂಬ ಮೂತ್ರವರ್ಧಕದೊಡನೆ ಅದಲುಬದಲಾಗುತ್ತಿದ್ದುದರಿಂದ ಅಮೆರಿಕದಲ್ಲಿ 1990ರಲ್ಲಿ ಅದಕ್ಕೆ ಪ್ರಿಲೋಸೆಕ್ ಎಂದು ಮರುನಾಮಕರಣವಾಯಿತು. ನಮ್ಮಲ್ಲಿ ಫಾಲ್ಸಿಗೋ ಮತ್ತು ಫಾಲ್ಸಿಟ್ಯಾಬ್ ಎಂಬ ಎರಡು ಮಲೇರಿಯಾ ಔಷಧಿಗಳ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಔಷಧಿಯ ಹೆಸರಿನ ಸಾಮ್ಯವನ್ನು ಬೇರೆ ಸರಕಿಗಿಂತ ಬಿಗಿಯಾಗಿ ಪರೀಕ್ಷಿಸಬೇಕೆಂದು 2001ರ ಕ್ಯಾಡಿಲಾ ತೀರ್ಪು ಹೇಳಿತು. ಆ ತೀರ್ಪಿನ ಆಶಯ ನಿಯಮದ ರೂಪಕ್ಕೆ ಬರಲು 2019ರವರೆಗೆ ಕಾಯಬೇಕಾಯಿತು. ತನ್ನ ಬ್ರಾಂಡ್ ಹೆಸರು ಬೇರೊಂದರ ಜೊತೆ ಗೊಂದಲ ಹುಟ್ಟಿಸುವುದಿಲ್ಲ ಎಂದು ತಯಾರಕನೇ ಫಾರಂ 51ರಲ್ಲಿ ಮುಚ್ಚಳಿಕೆ ಬರೆದುಕೊಡುವ ವ್ಯವಸ್ಥೆ ಆಗ ಬಂತು. ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತಲ್ಲವೇ ಎಂದು ಕೇಳುವವರಿದ್ದಾರೆ. ಆ ಚರ್ಚೆ ಇಲ್ಲಿ ಬೇಡ.

ತಂತ್ರಜ್ಞಾನದ ಪರಿಹಾರಗಳಿಗೂ ಒಂದು ಮಿತಿಯಿದೆ ಎಂಬುದು ಈಗ ಸಾಮಾನ್ಯ ತಿಳುವಳಿಕೆ. ಚೀಟಿಯನ್ನು ಕಂಪ್ಯೂಟರಿನಲ್ಲಿ ಬರೆಸಿದರೆ ತಪ್ಪು ತಪ್ಪುತ್ತದೆ ಎಂದುಕೊಂಡಿದ್ದಾಗ, ಅದೇ ವ್ಯವಸ್ಥೆ 22 ಬಗೆಯ ಹೊಸ ತಪ್ಪುಗಳಿಗೆ ದಾರಿಮಾಡುತ್ತದೆ ಎಂದು ರಾಸ್ ಕೊಪ್ಪೆಲ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಹೆಸರಿನ ಭಿನ್ನ ಭಾಗವನ್ನು ಮಾತ್ರ ದೊಡ್ಡಕ್ಷರದಲ್ಲಿ ಅಚ್ಚುಮಾಡುವ 'ಟಾಲ್ ಮ್ಯಾನ್' ಪದ್ಧತಿ ಪ್ರಯೋಗಶಾಲೆಯಲ್ಲಿ ಗೆದ್ದಿತು. ಆದರೆ ಅಮೆರಿಕದ 42 ಮಕ್ಕಳ ಆಸ್ಪತ್ರೆಗಳ ಒಂಬತ್ತು ವರ್ಷದ ದಾಖಲೆಗಳನ್ನು ನೋಡಿದ 2016ರ ಅಧ್ಯಯನಕ್ಕೆ ಅದರಿಂದ ಗೊಂದಲ ಇಳಿದ ಗುರುತು ಸಿಗಲಿಲ್ಲ.

ಇವೆಲ್ಲವೂ ಕೌಂಟರಿನ ಈಚೆಗಿನ ಕತೆ. ವೈದ್ಯರ ಪೆನ್ನಿನಿಂದ ಫಾರ್ಮಸಿಸ್ಟರ ಕೈಯವರೆಗಿನದು.

3

ಈಗ ವಿವಾದದ ಬಿಂದುವಿಗೆ ಬರುತ್ತೇನೆ. ನನ್ನ ಅನುಮಾನಕ್ಕೆ ಮೊದಲು ಆಧಾರ ಕೊಟ್ಟದ್ದು ಬ್ರಿಟನ್ನಿನ ಒಂದು ಅಧ್ಯಯನ. ಬ್ರಯೋನಿ ಡೀನ್ ಫ್ರಾಂಕ್ಲಿನ್ ಮತ್ತು ಕಾರಾ ಓಗ್ರೇಡಿ ಅವರು 2007ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ 11 ಔಷಧಿ ಅಂಗಡಿಗಳ 2,859 ಔಷಧಿಗಳನ್ನು ಪರೀಕ್ಷಿಸಿ, ನೂರಕ್ಕೆ 3.3ರಲ್ಲಿ ದೋಷ ಕಂಡರು. ಅಮೆರಿಕದ 1.7ಕ್ಕೆ ಹೋಲಿಸಿದರೆ ಹೆಚ್ಚು ಎನಿಸುತ್ತದೆ. ಬಹಳ ಮಂದಿ ಈ ಒಟ್ಟು ಅಂಕಿಯನ್ನು ಉದ್ಧರಿಸಿ ಮುಂದೆ ಹೋಗುತ್ತಾರೆ. ಆದರೆ ಲೇಖಕರು ಅದನ್ನು ಎರಡಾಗಿ ಒಡೆದಿದ್ದಾರೆ. ಡಬ್ಬಿಯೊಳಗಿನದು ತಪ್ಪಾಗಿದ್ದದ್ದು, ಅಂದರೆ ಬೇರೆ ಔಷಧಿ, ಬೇರೆ ಪ್ರಮಾಣ, ಬೇರೆ ಎಣಿಕೆ: 1.7. ಡಬ್ಬಿಯ ಮೇಲಿನದು ತಪ್ಪಾಗಿದ್ದದ್ದು, ಅಂದರೆ ಲೇಬಲ್ಲಿನ ದೋಷ: 1.6.

ಹತ್ತಿರ ಹತ್ತಿರ ಅರ್ಧಕ್ಕರ್ಧ. ಒಂದು ಸರಳ ಪ್ರಶ್ನೆ ಕೇಳಿಕೊಳ್ಳಿ. ಇದೇ 11 ಅಂಗಡಿಗಳು ನಾಳೆಯಿಂದ ಲೇಬಲ್ ಅಂಟಿಸುವುದನ್ನೇ ನಿಲ್ಲಿಸಿ, ಎಲ್ಲವನ್ನೂ ಬಾಯಲ್ಲಿ ಹೇಳಿ ಕಳಿಸಿದರೆ ಅವುಗಳ ದೋಷದ ಪ್ರಮಾಣ ಎಷ್ಟಾಗುತ್ತದೆ? ಇಲ್ಲದ ಲೇಬಲ್ಲಿನಲ್ಲಿ ತಪ್ಪು ಹುಡುಕಲಾಗದು. ಹಾಗಾಗಿ ಅಂಕಿ 3.3ರಿಂದ 1.7ಕ್ಕೆ ಇಳಿಯುತ್ತದೆ. ರೋಗಿಗೆ ಸಿಗುವ ಮಾಹಿತಿ ಕಡಿಮೆಯಾಯಿತು, ಅಂಗಡಿಯ 'ಗುಣಮಟ್ಟ' ಏರಿತು! ಒಂದು ಅಳತೆಗೋಲು ಸೇವೆ ಕೆಟ್ಟಾಗ ಒಳ್ಳೆಯ ಅಂಕ ಕೊಡುವಂತಿದ್ದರೆ ಆ ಅಳತೆಗೋಲು ಆ ಊರಿಗೆ ಹೊಂದುವುದಿಲ್ಲ ಎಂದಷ್ಟೇ ಅರ್ಥ. ಲಂಡನ್ನಿಗೋ ಅಮೆರಿಕದ ಊರುಗಳಿಗೋ ಅದು ಸರಿಯಾದದ್ದೇ, ಏಕೆಂದರೆ ಅಲ್ಲಿ ಲೇಬಲ್ ಇಲ್ಲದ ಔಷಧಿ ಹೊರಬೀಳುವುದಿಲ್ಲ. ನಮ್ಮಲ್ಲಿ ಲೇಬಲ್ಲಿನ ಅಭಾವವೇ ರೂಢಿ. ರೂಢಿ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ಸೇರಿಸಬೇಕಾದ ಇನ್ನೊಂದು ಸಾಕ್ಷ್ಯ ಹಳೆಯದು. ಡೇವಿಡ್ ಬೇಟ್ಸ್ ಮತ್ತು ಸಂಗಡಿಗರು ಬಾಸ್ಟನ್ನಿನ ಎರಡು ಆಸ್ಪತ್ರೆಗಳಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾನಿಗೆ ಕಾರಣವಾದ ತಪ್ಪುಗಳ ಪೈಕಿ ನೂರಕ್ಕೆ 56 ವೈದ್ಯರು ಬರೆಯುವಾಗಲೂ 34 ರೋಗಿಗೆ ಔಷಧಿ ಕೊಡುವಾಗಲೂ ಆದವು. ಔಷಧಿ ವಿಭಾಗದ ವಿತರಣೆಯ ಪಾಲು ಕೇವಲ 4. ಔಷಧಿ ವಿತರಣೆಯ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ ಎನ್ನುವವರು ಈ 4ನ್ನು ಹಿಡಿದು ಕೂರುತ್ತಾರೆ. ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಅವರು ಓದುವುದಿಲ್ಲ: ಬರೆಯುವ ಹಂತದ ತಪ್ಪುಗಳಲ್ಲಿ ನೂರಕ್ಕೆ 48ನ್ನು ಮುಂದಿನವರು ಯಾರಾದರೂ ಹಿಡಿದರು, ರೋಗಿಗೆ ಕೊಡುವ ಹಂತದ ತಪ್ಪುಗಳಲ್ಲಿ ಹಿಡಿದದ್ದು ಸೊನ್ನೆ. ಕೊನೆಯ ಕೈಯ ಹಿಂದೆ ಇನ್ನೊಂದು ಕೈಯಿಲ್ಲ. ಆಸ್ಪತ್ರೆಯಲ್ಲಿ ಆ ಕೊನೆಯ ಕೈ ತರಬೇತಿ ಪಡೆದ ನರ್ಸಿನದು. ಮನೆಯಲ್ಲಿ ಅದು ಕನ್ನಡಕ ಮರೆತ ಅಜ್ಜಿಯದು, ಅಥವಾ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವ ಆರನೇ ತರಗತಿಯ ಮೊಮ್ಮಗನದು.

4

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಲೇಬಲ್ ನಮ್ಮ ಪದ್ಧತಿಯಲ್ಲ, ಅದು ಪರದೇಶದ ಅದ್ದೂರಿ. ಇಲ್ಲದ್ದನ್ನು ದೋಷವೆಂದರೆ ಹೇಗೆ? ಈ ಮಾತು ಚರಿತ್ರೆಗೆ ವಿರುದ್ಧವಾದದ್ದು ಎಂದು ನನ್ನ ಅಭಿಪ್ರಾಯ.

ಹಿಂದಿನ ಡಿಸ್ಪೆನ್ಸರಿಗಳ ಮಿಕ್ಸ್ಚರ್ ಬಾಟಲಿಯನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಮನೆಯಿಂದ ತೊಳೆದು ತಂದ ಬಾಟಲಿಗೆ ಕಂಪೌಂಡರು ಕೆಂಪು ಔಷಧಿ ತುಂಬಿಸಿ, ಬಿರಡೆ ಒತ್ತಿ, ಪಕ್ಕಕ್ಕೆ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಆ ಪಟ್ಟಿಯ ಅಂಚನ್ನು ಕತ್ತರಿಯಿಂದ ಹಲ್ಲು ಹಲ್ಲಾಗಿ ಕತ್ತರಿಸಿರುತ್ತಿದ್ದರು. ಒಂದು ಹಲ್ಲು, ಒಂದು ಹೊತ್ತಿನ ಔಷಧಿ. ಅಕ್ಷರ ಬಾರದವರಿಗೂ ಅರ್ಥವಾಗುತ್ತಿದ್ದ ಲೇಬಲ್ ಅದು. ಎಷ್ಟು ಕುಡಿದಾಯಿತು, ಎಷ್ಟು ಉಳಿಯಿತು ಎಂಬ ಲೆಕ್ಕವನ್ನೂ ಅದೇ ಹೇಳುತ್ತಿತ್ತು. ಇಷ್ಟು ಚೊಕ್ಕವಾದ ಉಪಕರಣವನ್ನು ನಾವು ಮರಳಿ ಕಂಡುಹಿಡಿದಿಲ್ಲ.

ಇದು ಬರಿಯ ರೂಢಿಯಾಗಿರಲಿಲ್ಲ, ಕಾನೂನಿನ ಬೆಂಬಲವೂ ಅದಕ್ಕಿತ್ತು. 1945ರ ಔಷಧಿ ನಿಯಮಗಳಲ್ಲಿ 94ನೆಯದನ್ನು ಓದಿ. ವೈದ್ಯರ ಚೀಟಿಯ ಮೇಲೆ ತಯಾರಿಸಿ ಕೊಡುವ ಔಷಧಿಗೆ ಕಾರ್ಖಾನೆಯ ಲೇಬಲ್ ನಿಯಮಗಳಿಂದ ವಿನಾಯಿತಿ ಕೊಡುವಾಗ ಅದು ಒಂದು ಷರತ್ತು ಹಾಕುತ್ತದೆ: ಕೊಡುವವರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿಯ ಪ್ರಮಾಣ, ರಿಜಿಸ್ಟರಿನ ಕ್ರಮಸಂಖ್ಯೆ, ಹೊಟ್ಟೆಗೆ ತೆಗೆದುಕೊಳ್ಳುವುದಾದರೆ ಒಂದು ಹೊತ್ತಿನ ಅಳತೆ ಇವೆಲ್ಲ ಲೇಬಲ್ಲಿನ ಮೇಲಿರಬೇಕು. ಅಂದರೆ ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ರೋಗಿಯ ಹೆಸರಿದ್ದ ಬಾಟಲಿ. ಆಮೇಲೆ ಬಾಟಲಿಯ ಕಾಲ ಹೋಯಿತು, ಸ್ಟ್ರಿಪ್ಪಿನ ಕಾಲ ಬಂತು. ಸ್ಟ್ರಿಪ್ಪಿಗೆ ಕಾರ್ಖಾನೆಯದೇ ಲೇಬಲ್ ಇದೆ: ಔಷಧಿಯ ಹೆಸರು, ಬ್ಯಾಚ್ ನಂಬರು, ತಯಾರಿಕೆಯ ತಾರೀಖು, ಅವಧಿ ಮುಗಿಯುವ ತಾರೀಖು, ಬೆಲೆ. ಅದು ವಿನಾಯಿತಿ ಬೇಡುವ ಸರಕಲ್ಲ. ಹಾಗಾಗಿ ವಿನಾಯಿತಿಗೆ ಅಂಟಿದ್ದ ಷರತ್ತೂ ಅದಕ್ಕೆ ತಗಲಲಿಲ್ಲ. ಯಾರೂ ಕೂತು ಯೋಚಿಸಿ ತೆಗೆದುಹಾಕದೆಯೇ ರೋಗಿಯ ಲೇಬಲ್ ಕಳಚಿಬಿತ್ತು. ಸ್ಟ್ರಿಪ್ಪಿನ ಮೇಲೆ ಇರುವುದೆಲ್ಲ ಔಷಧಿಯ ಬಗ್ಗೆ. ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ದಿನ ಎಂಬುದು ಅದಕ್ಕೆ ಸಂಬಂಧವಿಲ್ಲದ ಸಂಗತಿ. 2023ರ ಆಗಸ್ಟ್ 1ರಿಂದ 300 ಬ್ರಾಂಡುಗಳ ಮೇಲೆ ಕಡ್ಡಾಯವಾದ ಕ್ಯೂಆರ್ ಕೋಡ್ ಕೂಡ ಇದೇ ಜಾತಿಯದು. ಔಷಧಿ ಅಸಲಿಯೋ ನಕಲಿಯೋ ಎಂದು ಅದು ಹೇಳುತ್ತದೆ, ಬೆಳಿಗ್ಗೆಯೋ ರಾತ್ರಿಯೋ ಎಂದು ಹೇಳುವುದಿಲ್ಲ. ಅದೂ ಇಡೀ ಸ್ಟ್ರಿಪ್ ಕೊಂಡವರಿಗೆ. ಆರು ಮಾತ್ರೆ ಕತ್ತರಿಸಿಕೊಂಡು ಹೋದವರ ಪಾಲಿಗೆ ಅವಧಿ ಮುಗಿಯುವ ತಾರೀಖು ಕೂಡ ಅಂಗಡಿಯಲ್ಲೇ ಉಳಿದಿರಬಹುದು.

ಭಾರತೀಯ ಫಾರ್ಮಸಿ ಕೌನ್ಸಿಲ್ ತನ್ನ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯಲ್ಲಿ ಈ ಕಳಚಿದ ಕೊಂಡಿಯನ್ನು ಮತ್ತೆ ಜೋಡಿಸಲು ನೋಡಿದೆ ಎಂದು ನಾನು ಓದುತ್ತೇನೆ. ಅದು ವಿತರಣೆ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ ಚೀಟಿಯನ್ನು ಓದಿ ಅರ್ಥಮಾಡಿಕೊಳ್ಳುವುದರಿಂದ ಹಿಡಿದು, ಸೂಕ್ತ ಧಾರಕದಲ್ಲಿ, ರೋಗಿ ಮುಂದೆ ಬಳಸುವುದಕ್ಕೆ ತಕ್ಕ ಲೇಬಲ್ಲಿನೊಡನೆ ತಲುಪಿಸುವವರೆಗಿನ ಎಲ್ಲವೂ ಸೇರಿದೆ. ಈ ವ್ಯಾಖ್ಯೆಯನ್ನು ಅಕ್ಷರಶಃ ತೆಗೆದುಕೊಂಡರೆ ಲೇಬಲ್ ಇಲ್ಲದ ವಿತರಣೆ ವಿತರಣೆಯೇ ಅಲ್ಲ.

5

ನನ್ನ ವಾದದ ಅತ್ಯಂತ ದುಡುಕಿನ ಭಾಗ ಇಲ್ಲಿಂದ ಶುರುವಾಗುತ್ತದೆ. ಆದ್ದರಿಂದ ನಿಧಾನವಾಗಿ ಹೋಗುತ್ತೇನೆ.

ಲೇಬಲ್ ಇಲ್ಲದಿರುವುದನ್ನೇ ಒಂದು ವಿತರಣಾ ದೋಷವೆಂದು ಎಣಿಸಬೇಕು ಎಂದು ಹೇಳಬಹುದೇ? ಹಾಗೆಂದು ಬರೆದು, ಆಮೇಲೆ ಆ ವಾಕ್ಯವನ್ನು ಹೊಡೆದುಹಾಕಿದೆ. ಕಾರಣವಿಷ್ಟೆ: ಹಾಗೆ ಎಣಿಸಿದರೆ ದೋಷದ ಪ್ರಮಾಣ ನೂರರ ಸಮೀಪಕ್ಕೆ ಹೋಗುತ್ತದೆ, ಎಲ್ಲವೂ ದೋಷವಾದರೆ ಒಂದು ಅಂಗಡಿಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಅಳತೆ ಮತ್ತೊಮ್ಮೆ ನಿರುಪಯೋಗಿ. ರೀಸನ್ ಅವರ ಪರಿಭಾಷೆಯಲ್ಲಿ ಲೇಬಲ್ಲಿನ ಅಭಾವ ಒಂದು ತಪ್ಪಲ್ಲ, ತಪ್ಪುಗಳು ಬೆಳೆಯುವ ಹೊಂಚಿನ ಪರಿಸ್ಥಿತಿ. ಅದನ್ನು ಪರಿಸ್ಥಿತಿಯೆಂದೇ ದಾಖಲಿಸಬೇಕು.

ಹಾಗಾದರೆ ಎಣಿಸಬೇಕಾದದ್ದು ಯಾವುದು? ವಿತರಣೆಯ ಕೊನೆಯ ಗೆರೆಯನ್ನು ಕೌಂಟರಿನಿಂದ ರೋಗಿಯ ಅಂಗೈಗೆ ಸರಿಸಬೇಕು ಎಂಬುದು ನನ್ನ ಸೂಚನೆ. ರೋಗಿ ಮನೆಯಲ್ಲಿ ಯಾವ ಮಾತ್ರೆಯನ್ನು ಯಾವ ಹೊತ್ತಿಗೆ ಎಷ್ಟು ತೆಗೆದುಕೊಳ್ಳುವುದಾಗಿ ತೋರಿಸುತ್ತಾರೋ ಅದಕ್ಕೂ ವೈದ್ಯರು ಬರೆದದ್ದಕ್ಕೂ ಇರುವ ವ್ಯತ್ಯಾಸವನ್ನು ವಿತರಣೆಯ ದೋಷವೆಂದು ಎಣಿಸಬೇಕು. ಗಮನಿಸಿ, ಇದು ಬಾರ್ಕರ್ ಅವರ ವ್ಯಾಖ್ಯೆಯೇ. ಬರೆದದ್ದಕ್ಕೂ ಹೊರಬಿದ್ದದ್ದಕ್ಕೂ ಇರುವ ಅಂತರ. 'ಹೊರಬಿದ್ದದ್ದು' ಎಲ್ಲಿ ಮುಗಿಯುತ್ತದೆ ಎಂಬುದೊಂದೇ ಬದಲಾವಣೆ.

'ತೋರಿಸುತ್ತಾರೋ' ಎಂಬ ಕ್ರಿಯಾಪದವನ್ನು ಬೇಕೆಂದೇ ಆರಿಸಿದ್ದೇನೆ. ಟೆರ್ರಿ ಡೇವಿಸ್ ಮತ್ತು ಸಂಗಡಿಗರ 2006ರ ಅಧ್ಯಯನ ಇದಕ್ಕೆ ಕಾರಣ. ಮೂರು ಊರುಗಳ ಚಿಕಿತ್ಸಾಲಯಗಳಲ್ಲಿ 395 ಇಂಗ್ಲಿಷ್ ಮಾತನಾಡುವ ರೋಗಿಗಳಿಗೆ ಇಂಗ್ಲಿಷಿನ ಲೇಬಲ್ಲುಗಳನ್ನೇ ಕೊಟ್ಟು ಓದಿಸಿದರು. 'ದಿನಕ್ಕೆ ಎರಡು ಬಾರಿ, ಎರಡೆರಡು ಮಾತ್ರೆ' ಎಂಬ ಅರ್ಥದ ಸೂಚನೆಯನ್ನು ಕಡಿಮೆ ಓದುಬರಹದವರಲ್ಲಿ ನೂರಕ್ಕೆ 70.7 ಮಂದಿ ಸರಿಯಾಗಿ ಓದಿ ಹೇಳಿದರು. ದಿನಕ್ಕೆ ಒಟ್ಟು ಎಷ್ಟು ಮಾತ್ರೆಯಾಯಿತು, ಎಣಿಸಿ ತೋರಿಸಿ ಎಂದಾಗ ಸರಿಯಾಗಿ ತೋರಿಸಿದವರು 34.7. ಓದುವುದಕ್ಕೂ ಮಾಡುವುದಕ್ಕೂ ನಡುವೆ ಅರ್ಧಕ್ಕರ್ಧ ಮಂದಿ ಕಳೆದುಹೋದರು. ಲೇಬಲ್ ಅಂಟಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಭೋಳೆತನಕ್ಕೂ ಈ ಅಂಕಿ ಉತ್ತರ. ನನ್ನ ವಾದವನ್ನು ಅದು ಒಂದು ಕೈಯಿಂದ ಎತ್ತಿ ಇನ್ನೊಂದು ಕೈಯಿಂದ ಅದುಮುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಆದರೆ ಒಂದು ವಿಷಯದಲ್ಲಿ ನಮ್ಮ ರೂಢಿ ಅವರಿಗಿಂತ ಮುಂದಿದೆ ಎಂದು ಕಾಣುತ್ತದೆ. 'ದಿನಕ್ಕೆ ಎರಡು ಬಾರಿ' ಎಂಬುದಕ್ಕೆ ಬದಲು ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವಾಗ ಎಂಬ ನಾಲ್ಕು ಹೊತ್ತುಗಳ ಲೆಕ್ಕದಲ್ಲಿ ಬರೆಯಬೇಕೆಂದು ಅಮೆರಿಕದ ಸಂಶೋಧಕರು ಇತ್ತೀಚಿನ ದಶಕಗಳಲ್ಲಿ ಪ್ರತಿಪಾದಿಸಿದರು. ನಮ್ಮ ಕವರುಗಳ ಮೇಲಿನ 1-0-1 ಇದೇ ತಾನೆ? ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಯಾವ ಭಾಷೆಗೂ ಸೇರದ, ಎಲ್ಲ ಭಾಷೆಯವರೂ ಓದಬಲ್ಲ ಬರಹ. ಓಡಿ, ಬಿಡಿ, ಟಿಡಿಎಸ್ ಎಂಬ ಲ್ಯಾಟಿನ್ ಅವಶೇಷಗಳಿಗಿಂತ ಸಾವಿರ ಪಾಲು ಮೇಲು.

ಅದರ ಸೋಲು ಇರುವುದು ಬೇರೆ ಕಡೆ. 1-0-1ಕ್ಕೆ ದಿನ ಗೊತ್ತು, ವಾರ ಗೊತ್ತಿಲ್ಲ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಂದು ದಿನ ಮಾತ್ರ ತೆಗೆದುಕೊಳ್ಳುವಂಥದ್ದು. ದಿನವೂ ತೆಗೆದುಕೊಂಡರೆ ಮೂಳೆಯ ಮಜ್ಜೆಯೇ ಸೋತು ಜೀವಕ್ಕೆ ಎರವಾಗುತ್ತದೆ. ಈ ಒಂದು ತಪ್ಪನ್ನು ತಡೆಯಲು ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ 2019ರಲ್ಲಿ ಪ್ರತ್ಯೇಕ ಕ್ರಮಗಳನ್ನೇ ಪ್ರಕಟಿಸಿತು. ಅವುಗಳಲ್ಲೊಂದು, ಈ ಮಾತ್ರೆಯನ್ನು ಡಬ್ಬಿಯಲ್ಲಿ ಕೊಡದೆ ಸ್ಟ್ರಿಪ್ಪಿನಂಥ ಪೊಟ್ಟಣದಲ್ಲೇ ಕೊಡಬೇಕೆಂಬುದು. ನಮ್ಮಲ್ಲಿ ಸ್ಟ್ರಿಪ್ ಮೊದಲಿನಿಂದಲೂ ಇದೆ, ಆದರೆ ಅದನ್ನು ಕತ್ತರಿಸಲು ಕೌಂಟರಿನ ಮೇಲೆ ಕತ್ತರಿಯೂ ಇದೆ. ಎಚ್ಚರಿಕೆಯ ಸಾಲು ಯಾವ ತುಂಡಿನ ಪಾಲಿಗೆ ಹೋಯಿತೋ! ವಿಟಮಿನ್ ಡಿಯ 60,000 ಯೂನಿಟ್ಟಿನ ಕ್ಯಾಪ್ಸೂಲಿನದೂ ಇದೇ ಪಾಡು. ವಾರಕ್ಕೊಂದರಂತೆ ಬರೆದದ್ದನ್ನು ದಿನಕ್ಕೊಂದು ನುಂಗಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಿದವರ ಪ್ರಕರಣಗಳು ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ನಮ್ಮ ಮನೆಯಲ್ಲೇ ಒಮ್ಮೆ ಕವರಿನ ಮೇಲೆ ಬರಿಯ '1' ಎಂದು ಬರೆದು ಬಂದಿತ್ತು. ತಾಯಿ ಅದನ್ನು ದಿನಕ್ಕೊಂದು ಎಂದು ಓದಿದರು. ಬೇರೆ ಹೇಗೆ ಓದಬೇಕಿತ್ತು? ಮೂರನೆಯ ದಿನ ಚೀಟಿ ತೆರೆದು ನೋಡಿದ್ದರಿಂದ ಉಳಿದೆವು.

ಬಾರ್ಕರ್ ಪದ್ಧತಿಯ ವೀಕ್ಷಕ ಆ ದಿನ ಆ ಅಂಗಡಿಯಲ್ಲಿ ನಿಂತಿದ್ದರೆ ಏನು ಬರೆದುಕೊಳ್ಳುತ್ತಿದ್ದ? ಔಷಧಿ ಸರಿ, ಪ್ರಮಾಣ ಸರಿ, ಎಣಿಕೆ ಸರಿ. ದೋಷವಿಲ್ಲ.

6

ಎರಡು ಆಕ್ಷೇಪಗಳಿಗೆ ಉತ್ತರ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ.

ರೋಗಿ ಮನೆಯಲ್ಲಿ ಮಾಡುವ ತಪ್ಪನ್ನು ಫಾರ್ಮಸಿಸ್ಟರ ತಲೆಗೆ ಕಟ್ಟುವುದು ಅನ್ಯಾಯ ಎಂಬುದು ಮೊದಲನೆಯದು. ತೂಕವಿರುವ ಮಾತು. ಮರೆತದ್ದು, ಬೇಸತ್ತು ಬಿಟ್ಟದ್ದು, ಪಕ್ಕದ ಮನೆಯವರ ಸಲಹೆಯಂತೆ ಅರ್ಧ ಮಾಡಿದ್ದು ಇವೆಲ್ಲ ಅಂಗಡಿಯ ದೋಷವಾಗಲಾರವು. ಆದ್ದರಿಂದಲೇ ನಾನು ರೋಗಿ 'ತೆಗೆದುಕೊಂಡದ್ದು' ಎನ್ನದೆ 'ತೆಗೆದುಕೊಳ್ಳುವುದಾಗಿ ತೋರಿಸಿದ್ದು' ಎಂದೆ. ತಿಳಿದೂ ಬಿಟ್ಟದ್ದು ಬೇರೆ, ತಿಳಿಯದೆ ಕೆಟ್ಟದ್ದು ಬೇರೆ. ಎರಡನೆಯದರಲ್ಲಿ ಅಂಗಡಿಗೆ ಪಾಲಿದೆ, ವೈದ್ಯರಿಗೂ ಇದೆ. ಪಾಲು ಎಷ್ಟೆಂದು ಹಂಚುವುದು ಕಷ್ಟ, ಆ ಹಂಚಿಕೆಗೆ ನನ್ನ ಬಳಿ ಸೂತ್ರವಿಲ್ಲ.

ಎರಡನೆಯದು, ಲೇಬಲ್ ಏಕೆ, ಬಾಯಲ್ಲಿ ಚೆನ್ನಾಗಿ ತಿಳಿಸಿ ಹೇಳಿದರೆ ಸಾಲದೆ? 2015ರ ನಿಯಮಾವಳಿಯೂ ರೋಗಿಗೆ ತಿಳಿವಳಿಕೆ ಹೇಳುವುದನ್ನು ಫಾರ್ಮಸಿಸ್ಟರ ಕರ್ತವ್ಯವೆಂದೇ ಹೇಳುತ್ತದೆ. ಆದರೆ ಕೌಂಟರಿನ ಎದುರು ನಿಂತವರು ಯಾರು? ಎಷ್ಟೋ ಸಲ ರೋಗಿಯಲ್ಲ. ಮಗ ಕೆಲಸದಿಂದ ಬರುವಾಗ ಕೊಂಡು ತರುತ್ತಾನೆ. ಪೇಟೆಗೆ ಹೋದ ನೆರೆಯವರ ಕೈಯಲ್ಲಿ ಚೀಟಿ ಕಳಿಸುತ್ತಾರೆ. ಹಳ್ಳಿಯ ಕಡೆ ಕೊನೆಯ ಬಸ್ಸಿನ ಕಂಡಕ್ಟರ ಕೈಗೆ ಕವರು ಕೊಟ್ಟು, ಸ್ಟಾಪಿನಲ್ಲಿ ಒಬ್ಬರು ಕಾದು ಇಸಿದುಕೊಳ್ಳುವುದುಂಟು. ಇಷ್ಟು ಕೈ ದಾಟುವಾಗ ಕವರು ಹಾಗೇ ಇರುತ್ತದೆ, ಮಾತು ಹಾಗೇ ಇರುವುದಿಲ್ಲ. ರೋಗಿ ತಾವೇ ಬಂದಿದ್ದರೆ ಬಾಯಿಮಾತೇ ಮೇಲು. 'ಅಮ್ಮಾ, ಮನೆಗೆ ಹೋಗಿ ಹೇಗೆ ತಗೋತೀರಿ, ಒಂದ್ಸಲ ತೋರಿಸಿ' ಎಂಬ ಒಂದು ಪ್ರಶ್ನೆ ಹತ್ತು ಲೇಬಲ್ಲಿಗೆ ಸಮ. ಸಂಜೆ ಏಳು ಗಂಟೆಯ ನೂಕುನುಗ್ಗಲಿನಲ್ಲಿ ಆ ಪ್ರಶ್ನೆಗೆ ಸಮಯವಿದೆಯೇ ಎಂಬುದು ಅಂಗಡಿಯವರೇ ಹೇಳಬೇಕಾದ ಮಾತು.

ನನ್ನ ವಾದಕ್ಕೆ ವಿರುದ್ಧವಾದ ಒಂದು ಸಾಕ್ಷ್ಯವನ್ನು ನಾನೇ ಎತ್ತಿಕೊಡಬೇಕು. ಫ್ರಾಂಕ್ಲಿನ್ ಅವರ 1.6ನ್ನು ತಿರುಗಿಸಿ ಓದಿದರೆ, ಲೇಬಲ್ಲೂ ತಪ್ಪುತ್ತದೆ ಎಂದು ಅರ್ಥ. ತಪ್ಪು ಲೇಬಲ್ ಅಚ್ಚಿನ ಅಧಿಕಾರದೊಡನೆ ತಪ್ಪು ಹೇಳುತ್ತದೆ. ಬಾಯಿಮಾತನ್ನು ಅನುಮಾನಿಸುವ ರೋಗಿ ಅಚ್ಚನ್ನು ಅನುಮಾನಿಸುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಲೇಬಲ್ ಬಂದರೆ ಈ ಹೊಸ ತಪ್ಪು ಹಳೆಯ ತಪ್ಪಿಗಿಂತ ಕಡಿಮೆ ಇರುತ್ತದೆ ಎಂಬುದು ನನ್ನ ಊಹೆ. ಊಹೆಯೆಂದೇ ಅದನ್ನು ಓದಬೇಕು.

7

ಭಾಷೆಯ ಮಾತು ಬರಬೇಕಾದದ್ದು ಇಲ್ಲಿ. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದ ಪುರುಷೋತ್ತಮ ಬಿಳಿಮಲೆಯವರು 2024ರಲ್ಲಿ ಸರ್ಕಾರಿ ವೈದ್ಯರು ಕನ್ನಡದಲ್ಲಿ ಚೀಟಿ ಬರೆಯುವಂತಾಗಬೇಕೆಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಕೆಲವು ವೈದ್ಯರು ಉತ್ಸಾಹದಿಂದ ಬರೆದೂ ತೋರಿಸಿದರು. ಅದರ ಹಿಂದಿನ ಕಾಳಜಿ ನನ್ನದೂ ಹೌದು, ಆದರೆ ಕನ್ನಡ ಇಳಿಯಬೇಕಾದ ಜಾಗ ಚೀಟಿಯಲ್ಲ ಎಂದು ನನಗನಿಸುತ್ತದೆ. ಚೀಟಿ ವೈದ್ಯರು ಫಾರ್ಮಸಿಸ್ಟರಿಗೆ ಬರೆದ ಕಾಗದ. ಅಂಗಡಿಯ ಕಪಾಟಿನಲ್ಲಿರುವ ಪೆಟ್ಟಿಗೆಗಳ ಮೇಲಿನ ಹೆಸರು ಇಂಗ್ಲಿಷಿನಲ್ಲಿದೆ. ಕನ್ನಡದ ಹೆಸರನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿ ಹುಡುಕುವಾಗ ಒಂದು ಹೆಚ್ಚಿನ ಹೆಜ್ಜೆ, ಆ ಹೆಜ್ಜೆಯಲ್ಲೊಂದು ಹೆಚ್ಚಿನ ತಪ್ಪು. ಕಾರ್ಬಮಜೆಪಿನ್, ಕಾರ್ಬಿಮಜೋಲ್ ಎರಡನ್ನೂ ಕನ್ನಡದಲ್ಲಿ ಕೈಯಿಂದ ಬರೆದು ನೋಡಿ: ಮೊದಲರ್ಧದಲ್ಲಿ ಅವುಗಳ ವ್ಯತ್ಯಾಸ ಒಂದು ಗುಡಿಸು ಮಾತ್ರ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲ, ಹಾಗಾಗಿ ಟಾಲ್ ಮ್ಯಾನ್ ಉಪಾಯವೂ ಇಲ್ಲಿ ನಡೆಯದು. ಒಂದೇ ಔಷಧಿಯನ್ನು ಹತ್ತು ಜನ ಹತ್ತು ಬಗೆಯಲ್ಲಿ ಕನ್ನಡಕ್ಕಿಳಿಸುತ್ತಾರೆ ಎಂಬುದು ಈ ಲೇಖನ ಬರೆಯುವಾಗ ನನಗೇ ಆದ ಅನುಭವ.

ಕವರು ಹಾಗಲ್ಲ. ಅದು ಫಾರ್ಮಸಿಸ್ಟರು ರೋಗಿಗೆ ಬರೆಯುವ ಕಾಗದ. ಔಷಧಿಯ ಹೆಸರು ಅಲ್ಲಿ ಇಂಗ್ಲಿಷಿನಲ್ಲೇ ಇರಲಿ. ಯಾರಿಗೆ, ಯಾತಕ್ಕೆ, ಯಾವ ಹೊತ್ತು, ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನ ಎಂಬುದೆಲ್ಲ ಕನ್ನಡದಲ್ಲಿರಲಿ, 'ಬಿ.ಪಿ. ಮಾತ್ರೆ', 'ಶುಗರ್ ಮಾತ್ರೆ' ಎಂದು ಜನ ಕರೆಯುವ ಹೆಸರಿನಲ್ಲೇ ಇರಲಿ. ವಾರಕ್ಕೊಮ್ಮೆಯ ಔಷಧಿಯಾದರೆ 'ವಾರಕ್ಕೊಮ್ಮೆ' ಎನ್ನುವುದಕ್ಕಿಂತ 'ಸೋಮವಾರ ಮಾತ್ರ' ಎಂದು ವಾರದ ಹೆಸರೇ ಬರಲಿ. ಅಂಟಿಸುವ ಲೇಬಲ್ ದುಬಾರಿಯಾದರೆ ರಬ್ಬರ್ ಸ್ಟಾಂಪು ಸಾಕು: ನಾಲ್ಕು ಮನೆ, ಸೂರ್ಯ ಚಂದ್ರ, ಕೆಳಗೆ ಏಳು ವಾರಗಳು. ಕಂಪೌಂಡರ ಹಲ್ಲಿನ ಪಟ್ಟಿಗೆ ಇದಕ್ಕಿಂತ ಹೆಚ್ಚಿನ ಯಂತ್ರ ಬೇಕಿರಲಿಲ್ಲ.

8

ಈ ಲೇಖನ ಯಾವ ಅಂಗಡಿಯನ್ನೂ ಅಳೆದಿಲ್ಲ. ಪ್ರಕಟವಾದ ಅಂಕಿಗಳನ್ನೂ ನಿಯಮಗಳನ್ನೂ ಮತ್ತೆ ಓದಿ, ಒಂದು ವ್ಯಾಖ್ಯೆಯ ಅಂಚನ್ನು ಪ್ರಶ್ನಿಸಿದೆ ಅಷ್ಟೆ. ಉಳಿದ ಪ್ರಶ್ನೆಗಳು ಹಲವು. ತೋರಿಸಿದಂತೆಯೇ ರೋಗಿ ತೆಗೆದುಕೊಳ್ಳುತ್ತಾರೆಯೇ? ನಾಲ್ಕು ಮನೆಯ ಸ್ಟಾಂಪನ್ನು ಓದು ಬಾರದವರು ಎಡದಿಂದ ಬಲಕ್ಕೇ ಓದುತ್ತಾರೆಯೇ? ಐದಾರು ಬಗೆಯ ಮಾತ್ರೆಗಳಿರುವ ಮನೆಯಲ್ಲಿ ಐದಾರು ಕವರುಗಳು ಹೊಸ ಗೊಂದಲ ಹುಟ್ಟಿಸುವುದಿಲ್ಲವೇ? ಮಾತ್ರೆಯನ್ನು ಕವರಿನಿಂದ ತೆಗೆದು ಪ್ಲಾಸ್ಟಿಕ್ ಡಬ್ಬಕ್ಕೆ ಸುರಿಯುವ ನಮ್ಮ ಮನೆಗಳ ಅಭ್ಯಾಸವನ್ನು ಯಾವ ಲೇಬಲ್ ಗೆಲ್ಲುತ್ತದೆ?

ಇವಕ್ಕೆ ಉತ್ತರ ಹುಡುಕಲು ದೊಡ್ಡ ಅನುದಾನ ಬೇಕಿಲ್ಲ. ಫಾರ್ಮಸಿ ಪ್ರಾಕ್ಟೀಸ್ ವಿಷಯದಲ್ಲಿ ಸ್ನಾತಕೋತ್ತರ ಪಾಠ ಮೈಸೂರಿನ ಜೆಎಸ್ಎಸ್ ಕಾಲೇಜಿನಲ್ಲಿ 1997ರಲ್ಲೇ ಆರಂಭವಾಯಿತು. 2008ರಿಂದ ದೇಶದಲ್ಲಿ ಫಾರ್ಮ್ ಡಿ ಪದವಿಯೂ ಇದೆ. ರಾಜ್ಯದ ಹಲವು ಕಾಲೇಜುಗಳಲ್ಲಿ ಇಂದು ಆ ವಿದ್ಯಾರ್ಥಿಗಳು ವಾರ್ಡುಗಳಲ್ಲಿ ಕೇಸ್ ಶೀಟ್ ತಿರುವಿ ಯೋಜನಾ ವರದಿ ಬರೆಯುತ್ತಿದ್ದಾರೆ. ಅವರ ಅಧ್ಯಾಪಕರಲ್ಲಿ ನನ್ನ ವಿನಂತಿ: ಒಂದು ವರ್ಷ ಅವರನ್ನು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಿಲ್ಲಿಸಿ. ಕವರು ಹಿಡಿದು ಇಳಿದು ಬರುವವರನ್ನು ಒಪ್ಪಿಗೆ ಪಡೆದು ಮಾತನಾಡಿಸಲಿ. ಕವರಿನಲ್ಲಿರುವ ಪ್ರತಿ ಮಾತ್ರೆಯನ್ನೂ ಯಾವಾಗ, ಎಷ್ಟು ತೆಗೆದುಕೊಳ್ಳುತ್ತೀರೆಂದು ತೋರಿಸಲು ಕೇಳಲಿ. ಆಮೇಲೆ ಚೀಟಿಯೊಡನೆ ತಾಳೆ ನೋಡಲಿ. ಬಂದ ಅಂಕಿ ನನ್ನ ವಾದಕ್ಕೆ ವಿರುದ್ಧವಾಗಿದ್ದರೂ ಪ್ರಕಟಿಸಿ.